ಅಂದಾಜಿಗೂ ಒಂದು ಅಂಕಪಟ್ಟಿ ಬೇಕು

2021ರ ಏಪ್ರಿಲ್ ಆರಂಭ. ಕೋವಿಡ್ ಎರಡನೇ ಅಲೆ ಏರತೊಡಗಿತ್ತು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲವಿದ್ದ ಗಣಿತಜ್ಞರ ತಂಡವೊಂದು ‘ಸೂತ್ರ’ ಎಂಬ ತನ್ನ ಮಾದರಿಯನ್ನು ಓಡಿಸಿ ಸರ್ಕಾರಕ್ಕೆ ಒಂದು ಅಂದಾಜು ಕೊಟ್ಟಿತು: ಅಲೆ ಏಪ್ರಿಲ್ ಮೂರನೇ ವಾರದಲ್ಲಿ ತುದಿ ಮುಟ್ಟುತ್ತದೆ, ಆಗ ದಿನಕ್ಕೆ ಸುಮಾರು ಒಂದು ಲಕ್ಷ ಪ್ರಕರಣ ಬರಬಹುದು. ಆ ಒಂದು ಲಕ್ಷವನ್ನು ದೇಶ ಏಪ್ರಿಲ್ ಮೊದಲ ವಾರದಲ್ಲೇ ದಾಟಿತು. ಮೇ 6ರ ಒಂದೇ ದಿನ ದಾಖಲಾದ ಪ್ರಕರಣಗಳು 4.14 ಲಕ್ಷ.

ತಂಡದ ಮೂವರು, ಅಂದರೆ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ಐಐಟಿ ಹೈದರಾಬಾದಿನ ಎಂ. ವಿದ್ಯಾಸಾಗರ್ ಮತ್ತು ಸೇನಾ ವೈದ್ಯಕೀಯ ಸೇವೆಯ ಮಾಧುರಿ ಕಾನಿಟ್ಕರ್, ಮೇ ತಿಂಗಳಲ್ಲಿ ಹೇಳಿಕೆ ಹೊರಡಿಸಿ ಈ ಬಾರಿ ಮಾದರಿಯ ಅಂದಾಜು ತಪ್ಪಿತು ಎಂದು ನೇರವಾಗಿ ಒಪ್ಪಿಕೊಂಡರು. ನಮ್ಮಲ್ಲಿ ಇದು ಅಪರೂಪದ ನಡೆ. ಆದರೂ ಟೀಕೆ ನಿಲ್ಲಲಿಲ್ಲ. ಇದೇ ತಂಡ ಕುಳಿತಿದ್ದ ರಾಷ್ಟ್ರೀಯ ಸಮಿತಿ 2020ರ ಅಕ್ಟೋಬರಿನಲ್ಲಿ ಹೇಳಿದ್ದನ್ನು ಜನ ಮರೆತಿರಲಿಲ್ಲ. ಎಲ್ಲರೂ ಎಚ್ಚರಿಕೆಯಿಂದ ಇದ್ದರೆ 2021ರ ಫೆಬ್ರುವರಿ ಹೊತ್ತಿಗೆ ಸೋಂಕು ತೀರಾ ಇಳಿಯುತ್ತದೆ, ಒಟ್ಟು ಪ್ರಕರಣ 1.06 ಕೋಟಿಯ ಆಸುಪಾಸಿಗೆ ನಿಲ್ಲುತ್ತದೆ ಎಂದಿತ್ತು ಆ ವರದಿ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಫೆಬ್ರುವರಿಗೆ ನಿಂತು ತಿರುಗಿ ನೋಡಿದರೆ ಅಕ್ಟೋಬರಿನ ಆ ಅಂದಾಜು ಅಷ್ಟೇನೂ ಸುಳ್ಳಾಗಿರಲಿಲ್ಲ. ಸೋಂಕು ಇಳಿದಿತ್ತು, ಒಟ್ಟು ಸಂಖ್ಯೆಯೂ ಹತ್ತಿರದಲ್ಲೇ ಇತ್ತು. ಕೆಟ್ಟದ್ದು ಆದದ್ದು ಆಮೇಲೆ. ‘ಇಳಿಯುತ್ತದೆ’ ಎಂದದ್ದು ಕೇಳುವವರ ಕಿವಿಯಲ್ಲಿ ‘ಮುಗಿಯುತ್ತದೆ’ ಎಂದಾಯಿತು. ಮಾರ್ಚ್ 7ರಂದು ಆಗಿನ ಕೇಂದ್ರ ಆರೋಗ್ಯ ಸಚಿವ ಹರ್ಷವರ್ಧನ್, ದೇಶ ಸಾಂಕ್ರಾಮಿಕದ ಕೊನೆಯ ಆಟದಲ್ಲಿದೆ ಎಂಬರ್ಥದ ಮಾತಾಡಿದರು. ಹೊಸ ರೂಪಾಂತರಿ ಬಂದರೆ ಏನು ಎಂಬ ಪ್ರಶ್ನೆಗೆ ಆ ಮಾದರಿಯಲ್ಲಿ ಜಾಗವೇ ಇರಲಿಲ್ಲ. ಜಾಗ ಇಲ್ಲ ಎಂಬುದನ್ನು ಸಚಿವರ ಮೇಜಿನವರೆಗೆ ಒಯ್ದವರೂ ಕಾಣಲಿಲ್ಲ.

ಇದಕ್ಕೂ ಮೊದಲೇ ನಮ್ಮ ಕರ್ನಾಟಕದಲ್ಲಿ ಬೇರೊಂದು ಮಾತು ನಡೆದಿತ್ತು. ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿ 2020ರ ನವೆಂಬರ್ ಕೊನೆಗೆ ಕೊಟ್ಟ ವರದಿಯಲ್ಲಿ, ಜನವರಿ-ಫೆಬ್ರುವರಿಯಲ್ಲಿ ಎರಡನೇ ಅಲೆ ಬರಬಹುದು, ಹಾಸಿಗೆ, ಐಸಿಯು, ವೆಂಟಿಲೇಟರ್ ಸಜ್ಜಾಗಿಟ್ಟುಕೊಳ್ಳಿ ಎಂದಿತ್ತು. ತಿಂಗಳ ಲೆಕ್ಕದಲ್ಲಿ ಇದೂ ತಪ್ಪಿತು. ಅಲೆ ಮಾರ್ಚ್ ದಾಟಿ ಎದ್ದಿತು. ತಪ್ಪಿದ ಈ ಎರಡು ಅಂದಾಜುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾದೀತೆ? ಒಂದನ್ನು ನಂಬಿದವರು ಎರಡು ತಿಂಗಳು ಮೊದಲೇ ಹಾಸಿಗೆ ಹಾಕಿ ಕಾಯುತ್ತಾರೆ. ಇನ್ನೊಂದನ್ನು ನಂಬಿದವರು ಹಾಸಿಗೆ ಮಡಚಿಡುತ್ತಾರೆ. 2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಪ್ರಕರಣ ಬಂದಾಗ ಬೆಂಗಳೂರಿನಲ್ಲಿ ಐಸಿಯು ಹಾಸಿಗೆಗಾಗಿ ಜನ ಫೋನ್ ಹಿಡಿದು ಅಲೆದದ್ದನ್ನು ಕಂಡವರಿಗೆ ಉತ್ತರ ಗೊತ್ತು. ಅಂದಾಜು ಎಷ್ಟು ತಪ್ಪಿತು ಎಂಬುದರ ಜೊತೆಗೆ ಯಾವ ಕಡೆಗೆ ತಪ್ಪಿತು ಎಂದೂ ಕೇಳಬೇಕು.

ಆದರೆ ಹೀಗೆ ಕೇಳುವುದಕ್ಕೆ ಮೊದಲು ಲೆಕ್ಕ ಬರೆದಿಟ್ಟಿರಬೇಕಲ್ಲ? ಕೋವಿಡ್‌ನ ಎರಡು ವರ್ಷಗಳಲ್ಲಿ ದೇಶದ ಹತ್ತಾರು ಸಂಸ್ಥೆಗಳು ಅಂದಾಜು ಹೇಳಿದವು. ಕೆಲವು ಟ್ವಿಟರಿನಲ್ಲಿ, ಕೆಲವು ಸುದ್ದಿಗೋಷ್ಠಿಯಲ್ಲಿ, ಕೆಲವು ಮುಚ್ಚಿದ ಕೋಣೆಯಲ್ಲಿ. ಯಾರು, ಯಾವ ದಿನ, ಎಷ್ಟು ಎಂದಿದ್ದರು, ಆಮೇಲೆ ಏನಾಯಿತು ಎಂದು ತಾಳೆ ನೋಡುವ ಸಾರ್ವಜನಿಕ ದಾಖಲೆಯನ್ನು ಯಾವ ಸರ್ಕಾರವೂ ಇಡಲಿಲ್ಲ. ಯುಗಾದಿಯ ದಿನ ಪಂಚಾಂಗ ಶ್ರವಣದಲ್ಲಿ ಈ ವರ್ಷ ಇಷ್ಟು ಕೊಳಗ ಮಳೆ ಎಂದು ಓದುತ್ತಾರೆ. ಮುಂದಿನ ಯುಗಾದಿಗೆ ಹಳೆಯ ಪಂಚಾಂಗ ತೆಗೆದು ಎಷ್ಟು ಕೊಳಗ ಬಿತ್ತೆಂದು ಅಳೆಯುವವರಿಲ್ಲ. ಸಾಂಕ್ರಾಮಿಕದ ಗಣಿತವನ್ನೂ ನಾವು ಹಾಗೇ ಕೇಳಿಸಿಕೊಂಡೆವು.

ಹವಾಮಾನ ಇಲಾಖೆಯನ್ನು ಗೇಲಿ ಮಾಡುವುದು ನಮಗೆ ಅಭ್ಯಾಸ. ಆದರೆ ಈ ವಿಷಯದಲ್ಲಿ ಆ ಇಲಾಖೆ ಆರೋಗ್ಯ ಇಲಾಖೆಗಿಂತ ಬಹಳ ಮುಂದಿದೆ. ಮುಂಗಾರಿನ ಮುನ್ಸೂಚನೆಯನ್ನು ಮೊದಲೇ ಪ್ರಕಟಿಸುತ್ತದೆ, ಇಷ್ಟು ಶೇಕಡಾ ಹೆಚ್ಚು-ಕಡಿಮೆ ಆಗಬಹುದು ಎಂದು ಜೊತೆಗೇ ಹೇಳುತ್ತದೆ, ಋತು ಮುಗಿದ ಮೇಲೆ ತನ್ನ ಮಾತು ಎಷ್ಟು ನಿಜವಾಯಿತೆಂದು ತಾನೇ ವರದಿ ಕೊಡುತ್ತದೆ. 2002ರಲ್ಲಿ ವಾಡಿಕೆ ಮಳೆ ಎಂದು ಹೇಳಿ, ಶೇ 19ರಷ್ಟು ಕೊರತೆಯಾಗಿ ದೇಶಕ್ಕೆ ಬರ ಬಂದಾಗ ಇಲಾಖೆಯ ಮಾನ ಹರಾಜಾಯಿತು. 1988ರಿಂದ ನೆಚ್ಚಿಕೊಂಡಿದ್ದ 16 ಅಂಶಗಳ ಸೂತ್ರವನ್ನು ಮರುವರ್ಷವೇ ಕೈಬಿಟ್ಟು ಹೊಸದನ್ನು ತಂದರು. ಮಾತು ಕಾಗದದ ಮೇಲೆ ಇದ್ದುದರಿಂದಲೇ ಸೂತ್ರ ಬದಲಾಯಿತು.

ರೋಗದ ಮಾದರಿಗಳ ವಿಷಯದಲ್ಲಿ ಮೋಸ ಹೋಗಲು ಸುಲಭವಾದ ಜಾಗ ಒಂದಿದೆ. ನಡೆದು ಹೋದ ಅಂಕಿಗಳ ಮೇಲೆ ರೇಖೆ ಎಳೆದು, ಅದು ಚೆನ್ನಾಗಿ ಹೊಂದಿತೆಂದು ತೋರಿಸುವುದು. ಇದರ ಹಳೆಯ ಉದಾಹರಣೆ ಸಿಗುವುದು ನಮ್ಮ ಪಕ್ಕದ ಮುಂಬಯಿಯಲ್ಲೇ. 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಬೊಂಬಾಯಿ ದ್ವೀಪದಲ್ಲಿ ಪ್ಲೇಗಿಗೆ ಸತ್ತವರ ವಾರವಾರದ ಲೆಕ್ಕವನ್ನು ವಿಲಿಯಂ ಕರ್ಮ್ಯಾಕ್ ಮತ್ತು ಆಂಡರ್ಸನ್ ಮೆಕೆಂಡ್ರಿಕ್ 1927ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಬಳಸಿಕೊಂಡರು. ಮೆಕೆಂಡ್ರಿಕ್ ಇಲ್ಲಿನ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ದುಡಿದು, ಕಸೌಲಿಯ ಪಾಶ್ಚರ್ ಸಂಸ್ಥೆಯನ್ನು ನಡೆಸಿದವರು. ಕರ್ಮ್ಯಾಕ್ ಪ್ರಯೋಗಾಲಯದ ಅಪಘಾತದಲ್ಲಿ ಕಣ್ಣು ಕಳೆದುಕೊಂಡ ಮೇಲೂ ಗಣಿತ ಬಿಡದ ರಸಾಯನಶಾಸ್ತ್ರಜ್ಞ. ಇಂದಿಗೂ ಬಹುಪಾಲು ಸಾಂಕ್ರಾಮಿಕ ಮಾದರಿಗಳ ಬೇರು ಇವರಿಬ್ಬರ ಸಮೀಕರಣದಲ್ಲಿದೆ.

ಆ ಪ್ರಬಂಧದಲ್ಲಿ ಬೊಂಬಾಯಿಯ ಸಾವಿನ ಚುಕ್ಕಿಗಳ ಮೇಲೆ ಅವರ ರೇಖೆ ಅಚ್ಚು ಹೊಯ್ದಂತೆ ಕೂತಿದೆ. ತೊಡಕು ಏನೆಂದರೆ, ಆ ಸಮೀಕರಣ ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗಕ್ಕೆ ಬರೆದದ್ದು. ಬೊಂಬಾಯಿಯ ಪ್ಲೇಗು ಇಲಿಯಿಂದ ಚಿಗಟಕ್ಕೆ, ಚಿಗಟದಿಂದ ಮನುಷ್ಯನಿಗೆ ಬರುತ್ತಿತ್ತು. ಅದು ಪ್ರತಿ ವರ್ಷ ಚಳಿಗಾಲಕ್ಕೆ ಏರಿ ಮಳೆಗಾಲಕ್ಕೆ ಇಳಿಯುತ್ತಿದ್ದ ಋತುಮಾನದ ಪಿಡುಗು. ಮರುವರ್ಷ ಮತ್ತೆ ಬರುತ್ತದೆಂಬ ಸುಳಿವು ಅಷ್ಟು ಚಂದದ ರೇಖೆಯಲ್ಲಿ ಎಲ್ಲೂ ಇರಲಿಲ್ಲ. ಕಾರಣ ತಪ್ಪಿದ್ದರೂ ಚಿತ್ರ ಹೊಂದಬಹುದು. ಯಾವುದೇ ತಜ್ಞರು ಹಿಂದಿನ ಅಲೆಯ ಮೇಲೆ ತಮ್ಮ ರೇಖೆ ಕೂರಿಸಿ ತೋರಿಸಿದಾಗ ಅಧಿಕಾರಿಯಾದವನು ಮೆಚ್ಚಿ ತಲೆದೂಗುವ ಮೊದಲು ಕೇಳಬೇಕಾದದ್ದು ಇಷ್ಟೇ: ಸ್ವಾಮಿ, ಇದನ್ನು ಅಲೆ ಬರುವ ಮೊದಲು ಬರೆದಿರೋ, ಬಂದ ಮೇಲೋ?

ಮೊದಲೇ ಬರೆಸಿ, ಆಮೇಲೆ ಅಳೆಯುವ ಪದ್ಧತಿ ಅಮೆರಿಕದಲ್ಲಿ ಬೆಳೆಯಿತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2013ರಿಂದ ಫ್ಲೂ ಋತುವಿಗೆ ಮುನ್ಸೂಚನೆಯ ಸ್ಪರ್ಧೆ ನಡೆಸುತ್ತ ಬಂದಿದೆ. ಆಗ ಜಗತ್ತು ಮೆಚ್ಚಿಕೊಂಡಿದ್ದು ಗೂಗಲ್ ಫ್ಲೂ ಟ್ರೆಂಡ್ಸ್ ಅನ್ನು. ಜನ ಗೂಗಲ್‌ನಲ್ಲಿ ಹುಡುಕುವ ಪದಗಳಿಂದಲೇ ಫ್ಲೂ ಎಷ್ಟಿದೆ ಎಂದು ಹೇಳುತ್ತೇವೆ ಎಂದು 2008ರಲ್ಲಿ ಶುರುವಾದ ಆ ವ್ಯವಸ್ಥೆ, 2009ರ ಎಚ್1ಎನ್1 ಮೊದಲ ಅಲೆಯನ್ನು ಹಿಡಿಯಲಿಲ್ಲ. 2012-13ರ ಚಳಿಗಾಲದಲ್ಲಿ ಸಿಡಿಸಿ ಲೆಕ್ಕದ ಸುಮಾರು ಎರಡರಷ್ಟು ಹೇಳಿತು. 2015ರಲ್ಲಿ ಬಾಗಿಲು ಮುಚ್ಚಿತು.

ಕೋವಿಡ್ ಬಂದಾಗ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ನಿಕೊಲಸ್ ರೈಕ್ ತಂಡ, ಸಿಡಿಸಿ ಜೊತೆಗೂಡಿ ಎಲ್ಲರ ಅಂದಾಜುಗಳನ್ನೂ ಪ್ರತಿ ವಾರ ಒಂದೇ ನಮೂನೆಯಲ್ಲಿ ಕಲೆಹಾಕಿತು. 90ಕ್ಕೂ ಹೆಚ್ಚು ಗುಂಪುಗಳು ಅಂದಾಜು ಕಳಿಸಿದವು. ಸುಮ್ಮನೆ ‘ಐದು ಸಾವಿರ ಸಾವು’ ಎಂದರೆ ಸಾಲದು. ಕೆಳಮಿತಿ ಎಷ್ಟು, ಮೇಲ್ಮಿತಿ ಎಷ್ಟು, ಎಷ್ಟು ಭರವಸೆಯಿಂದ ಹೇಳುತ್ತೀರಿ ಎಂಬುದನ್ನೂ ಬರೆಯಬೇಕು. ಅಂಕ ಕೊಡುವ ರೀತಿ ಜಾಣತನದ್ದು. ಮಿತಿಯನ್ನು ಕಿರಿದಾಗಿ ಕೊಟ್ಟು ನಿಜದ ಸಂಖ್ಯೆ ಹೊರಗೆ ಬಿದ್ದರೆ ದಂಡ. ಭಯಕ್ಕೆ ಬಿದ್ದು ನೂರರಿಂದ ಲಕ್ಷದವರೆಗೆ ಎಂದು ಹರವಿಕೊಂಡರೆ ಹರವಿನಷ್ಟೇ ದಂಡ. ಮನಸ್ಸಿನಲ್ಲಿ ಇದ್ದಷ್ಟನ್ನೇ ಪ್ರಾಮಾಣಿಕವಾಗಿ ಹೇಳಿದವನಿಗೆ ಮಾತ್ರ ದೀರ್ಘಕಾಲದಲ್ಲಿ ಒಳ್ಳೆಯ ಅಂಕ. ಈ ಯೋಚನೆಯೂ ಹವಾಮಾನದವರದ್ದೇ: 1950ರಲ್ಲಿ ಅಮೆರಿಕದ ಹವಾಮಾನ ಇಲಾಖೆಯ ಗ್ಲೆನ್ ಬ್ರಯರ್ ಮಳೆಯ ಸಂಭವಕ್ಕೆ ಅಂಕ ಕೊಡುವ ಇಂಥದೇ ಒಂದು ವಿಧಾನ ಬರೆದಿದ್ದರು.

ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅದು ಪಂಡಿತರ ಗರ್ವ ಇಳಿಸುವಂತಿತ್ತು. ಸತತವಾಗಿ ಅಂದಾಜು ಕಳಿಸಿದ 27 ಮಾದರಿಗಳನ್ನು ಒಂದು ಪೆದ್ದ ಮಾದರಿಯ ಎದುರು ನಿಲ್ಲಿಸಿದ್ದರು. ಪೆದ್ದ ಮಾದರಿ ಹೇಳುವುದು, ‘ಈ ವಾರ ಎಷ್ಟೋ ಮುಂದಿನ ವಾರವೂ ಅಷ್ಟೇ’ ಎಂದು. ಅದನ್ನು ಸೋಲಿಸಲು ಆದದ್ದು ಮೂರರಲ್ಲಿ ಎರಡು ಪಾಲು ಮಾದರಿಗಳಿಗೆ ಮಾತ್ರ. ಉಳಿದ ಒಂದು ಪಾಲು, ಅಷ್ಟೊಂದು ಕಂಪ್ಯೂಟರ್ ಮತ್ತು ಪಿಎಚ್‌ಡಿಗಳನ್ನು ಇಟ್ಟುಕೊಂಡು, ಅದಕ್ಕಿಂತ ಮೇಲೇರಲಿಲ್ಲ. ಎಲ್ಲಕ್ಕಿಂತ ನೆಚ್ಚಬಹುದಾದದ್ದು ಎಲ್ಲರ ಅಂದಾಜುಗಳನ್ನು ಕೂಡಿಸಿ ಮಾಡಿದ ಒಟ್ಟು ಅಂದಾಜು. ದಿನ ದೂರವಾದಷ್ಟೂ ತಪ್ಪು ಬೆಳೆಯಿತು. 20 ವಾರ ಮುಂದಿನದನ್ನು ಹೇಳುವಾಗಿನ ತಪ್ಪು ಒಂದು ವಾರ ಮುಂದಿನದಕ್ಕಿಂತ ಮೂರರಿಂದ ಐದು ಪಟ್ಟು. ಐದು ತಿಂಗಳ ಆಚೆಗಿನ ತುದಿಯ ದಿನಾಂಕವನ್ನು ಯಾರಾದರೂ ಟಿವಿಯಲ್ಲಿ ಹೇಳಿದರೆ ಚಾನೆಲ್ ಬದಲಿಸಬಹುದು.

ಅಂಕ ಕೊಡುವುದು ಸರಿ, ಆದರೆ ಯಾವುದಕ್ಕೆ ಹೋಲಿಸಿ? ಕರ್ನಾಟಕದ ಮೊದಲ ಸೀರೊ ಸಮೀಕ್ಷೆ 2020ರ ಸೆಪ್ಟೆಂಬರಿನಲ್ಲಿ ನಡೆಯಿತು. ರಾಜ್ಯದ ಶೇ 27.3ರಷ್ಟು ಜನರಿಗೆ, ಅಂದರೆ ಸುಮಾರು 1.93 ಕೋಟಿ ಮಂದಿಗೆ ಆಗಲೇ ಸೋಂಕು ತಗುಲಿತ್ತು ಅಥವಾ ತಗುಲಿ ಹೋಗಿತ್ತು ಎಂದು ಅದು ಲೆಕ್ಕ ಹಾಕಿತು. ಸಮೀಕ್ಷೆ ಮುಗಿಯುವ ಹೊತ್ತಿಗೆ ದಿನದ ಬುಲೆಟಿನ್‌ನಲ್ಲಿದ್ದ ಒಟ್ಟು ಪ್ರಕರಣ ಐದು ಲಕ್ಷವನ್ನೂ ಮುಟ್ಟಿರಲಿಲ್ಲ. ಬುಲೆಟಿನ್‌ನ ಸಂಖ್ಯೆಗೆ ಹೊಂದುವಂತೆ ಮಾದರಿ ಕಟ್ಟಿ, ಬುಲೆಟಿನ್‌ನ ಸಂಖ್ಯೆಗೇ ಹೋಲಿಸಿ ‘ಪಾಸ್’ ಎಂದರೆ ಏನು ಬಂತು? ಪರೀಕ್ಷೆ ಹೆಚ್ಚಿಸಿದರೆ ಅಂಕಿ ಏರುತ್ತದೆ, ಕಿಟ್ ಮುಗಿದರೆ ಇಳಿಯುತ್ತದೆ. ಅಮೆರಿಕದ ಫ್ಲೂ ಮುನ್ಸೂಚಕರು ಈಗ ಆಸ್ಪತ್ರೆಗೆ ದಾಖಲಾಗುವವರ ಸಂಖ್ಯೆಯನ್ನೇ ಗುರಿಯಾಗಿ ಇಟ್ಟುಕೊಂಡಿದ್ದಾರೆ. ಆಸ್ಪತ್ರೆಯ ಬಾಗಿಲಿಗೆ ಬಂದವನ ಲೆಕ್ಕ ಅಷ್ಟು ಸುಲಭವಾಗಿ ತಪ್ಪುವುದಿಲ್ಲ, ಹಾಸಿಗೆ ಬೇಕಾಗುವುದೂ ಅವನಿಗೇ.

ಅಂಕ ಕೊಡಲೇಬಾರದ ಲೆಕ್ಕಗಳೂ ಇವೆ. 2014ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಆಫ್ರಿಕದಲ್ಲಿ ಎಬೊಲ ಹಬ್ಬುತ್ತಿದ್ದಾಗ ಸಿಡಿಸಿ ಒಂದು ವರದಿ ತಂದಿತು. ಇದ್ದ ಹಾಗೇ ಬಿಟ್ಟರೆ ಲೈಬೀರಿಯ ಮತ್ತು ಸಿಯೆರಾ ಲಿಯೋನ್ ಎರಡರಲ್ಲೇ 2015ರ ಜನವರಿ 20ರ ಹೊತ್ತಿಗೆ ವರದಿಯಾಗುವ ಪ್ರಕರಣ 5.5 ಲಕ್ಷ, ವರದಿಯಾಗದೆ ಉಳಿಯುವುದನ್ನೂ ಸೇರಿಸಿದರೆ 14 ಲಕ್ಷ ಎಂದಿತ್ತು. ಪತ್ರಿಕೆಗಳು ಎತ್ತಿಕೊಂಡದ್ದು ಈ 14 ಲಕ್ಷವನ್ನು. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇತ್ತು: ರೋಗಿಗಳಲ್ಲಿ ಸುಮಾರು ಶೇ 70ರಷ್ಟು ಮಂದಿಯನ್ನು ಚಿಕಿತ್ಸಾ ಕೇಂದ್ರದಲ್ಲೋ, ಸೋಂಕು ಹರಡದಂಥ ಬೇರೆ ಏರ್ಪಾಟಿನಲ್ಲೋ ಇಟ್ಟರೆ ಅದೇ ಜನವರಿಗೆ ಪಿಡುಗು ಬಹುತೇಕ ಅಡಗುತ್ತದೆ. ಕಡೆಗೆ ಮೂರು ದೇಶಗಳಲ್ಲಿ ಸೇರಿ ಆದ ಪ್ರಕರಣ ಸುಮಾರು 28,600, ಸಾವು 11,300. ಸಿಡಿಸಿ 14 ಲಕ್ಷ ಎಂದು ಬೊಗಳೆ ಬಿಟ್ಟಿತು ಎಂದು ಆಮೇಲೆ ನಕ್ಕವರು ಎರಡನೇ ಲೆಕ್ಕವನ್ನು ಓದಿಯೇ ಇರಲಿಲ್ಲ.

2020ರ ಮಾರ್ಚ್ 16ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನೀಲ್ ಫರ್ಗುಸನ್ ತಂಡ, ಏನೂ ಮಾಡದೆ ಕೈಕಟ್ಟಿ ಕೂತರೆ ಬ್ರಿಟನ್ನಿನಲ್ಲಿ 5.1 ಲಕ್ಷ, ಅಮೆರಿಕದಲ್ಲಿ 22 ಲಕ್ಷ ಸಾವು ಎಂದಾಗಲೂ ಇದೇ ಆಯಿತು. ವಾರದಲ್ಲಿ ಬ್ರಿಟನ್ ಲಾಕ್‌ಡೌನ್ ಘೋಷಿಸಿತು. ಅಷ್ಟು ಜನ ಸಾಯಲಿಲ್ಲವಲ್ಲ ಎಂದು ತಂಡವನ್ನು ಇಂದಿಗೂ ಬಯ್ಯುವವರಿದ್ದಾರೆ. ‘ಹೀಗೆ ಮಾಡಿದರೆ ಹೀಗಾದೀತು’ ಎಂಬ ಲೆಕ್ಕವನ್ನು ಅದರ ಷರತ್ತು ನಡೆದಿದ್ದರೆ ಮಾತ್ರ ನಿಜದೊಂದಿಗೆ ಹೋಲಿಸಬಹುದು. ಇಷ್ಟು ಹೇಳಿ ನಾನು ಮಾದರಿಕಾರರ ಪರ ನಿಂತಂತಾಯಿತು, ಹಾಗೆ ಪೂರ್ತಿ ನಿಲ್ಲಲಾರೆ. ಷರತ್ತನ್ನು ಅಡಿಟಿಪ್ಪಣಿಗೆ ತಳ್ಳಿ ಸಂಖ್ಯೆಯನ್ನು ಮೊದಲ ಪುಟಕ್ಕೆ ತರುವವರಲ್ಲಿ ಪತ್ರಕರ್ತರಷ್ಟೇ ವಿಜ್ಞಾನಿಗಳೂ ಇದ್ದಾರೆ. ಜೊತೆಗೆ, ‘ಅದು ಅಂದಾಜಲ್ಲ, ಷರತ್ತಿನ ಲೆಕ್ಕ’ ಎಂಬುದು ತಪ್ಪಿದವರೆಲ್ಲ ಓಡಿಹೋಗಿ ಅಡಗುವ ಜಾಗವೂ ಆಗಿಬಿಟ್ಟಿದೆ. ಯಾವುದು ಯಾವುದೆಂದು ಮೊದಲ ಸಾಲಿನಲ್ಲೇ ಬರೆದಿರಬೇಕು.

ಆಳುವವರಿಗೆ ಬೇಕಾದದ್ದು ಒಂದೇ ಸಂಖ್ಯೆ. ಅವರನ್ನು ದೂರಿ ಪ್ರಯೋಜನವಿಲ್ಲ. ಆಕ್ಸಿಜನ್ ಟ್ಯಾಂಕರ್‌ಗೆ ಆರ್ಡರ್ ಹಾಕುವಾಗ ‘ನಲವತ್ತರಿಂದ ನಾನೂರು’ ಎಂದು ಬರೆಯಲಾಗುವುದಿಲ್ಲ. ಆ ಒಂದೇ ಸಂಖ್ಯೆಯ ಆಸೆಗೆ ಅಮೆರಿಕ 2020ರ ಏಪ್ರಿಲಿನಲ್ಲಿ ಬೆಲೆ ತೆತ್ತಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಐಎಚ್‌ಎಂಇ ಸಂಸ್ಥೆಯ ಮಾದರಿ, ಆಗಸ್ಟ್ ಆರಂಭದವರೆಗೆ ಸುಮಾರು 60 ಸಾವಿರ ಸಾವು ಎಂದಿತು. ಏರಿದ ರೇಖೆ ಏರಿದ ವೇಗದಲ್ಲೇ ಇಳಿಯುತ್ತದೆ ಎಂದು ಅದು ನಂಬಿತ್ತು. ಚಿತ್ರ ಚೆನ್ನಾಗಿತ್ತು, ಸಂಖ್ಯೆ ಸಮಾಧಾನ ಕೊಡುವಂತಿತ್ತು, ಶ್ವೇತಭವನ ಅದನ್ನು ಎತ್ತಿ ಹಿಡಿಯಿತು. ಅಮೆರಿಕ 60 ಸಾವಿರ ಸಾವು ದಾಟಿದ್ದು ಏಪ್ರಿಲ್ ಕೊನೆಗೇ.

ಒಂದೇ ಸಂಖ್ಯೆ ಕೊಡಬಾರದೆಂದರೆ ಏನು ಕೊಡಬೇಕು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು 1976ರ ಒಂದು ಹಳೆಯ ಪ್ರಕರಣದಲ್ಲಿ. ಅಮೆರಿಕದ ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಹಂದಿಜ್ವರದ ವೈರಾಣು ಕಂಡು ಒಬ್ಬ ಸೈನಿಕ ಸತ್ತ. 1918ರ ಇನ್‌ಫ್ಲುಯೆಂಜಾ ಮರಳಿ ಬಂತೆಂಬ ಹೆದರಿಕೆಯಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ದೇಶಕ್ಕೆಲ್ಲ ಲಸಿಕೆ ಎಂದು ಘೋಷಿಸಿದರು. ನಾಲ್ಕು ಕೋಟಿಗೂ ಹೆಚ್ಚು ಜನರಿಗೆ ಚುಚ್ಚಿದರು. ರೋಗ ಹರಡಲೇ ಇಲ್ಲ. ಲಸಿಕೆ ಪಡೆದ ಕೆಲವರಿಗೆ ಗಿಲಾನ್-ಬಾರೆ ಎಂಬ ನರರೋಗ ಕಂಡು ಡಿಸೆಂಬರಿಗೆ ಕಾರ್ಯಕ್ರಮ ನಿಂತಿತು. ಏನು ತಪ್ಪಾಯಿತೆಂದು ಆರೋಗ್ಯ ಇಲಾಖೆ ರಿಚರ್ಡ್ ನ್ಯೂಸ್ಟಾಟ್ ಮತ್ತು ಹಾರ್ವೆ ಫೈನ್‌ಬರ್ಗ್ ಅವರಿಂದ 1978ರಲ್ಲಿ ವರದಿ ಬರೆಸಿತು. ಅದರಲ್ಲಿ ಬಯಲಾದದ್ದು, ತಜ್ಞರಲ್ಲಿ ಒಬ್ಬೊಬ್ಬರ ಮನಸ್ಸಿನಲ್ಲೂ ಒಂದೊಂದು ಅಂದಾಜಿತ್ತು, ಆದರೆ ಪಿಡುಗು ಬರುವ ಸಂಭವ ಇಷ್ಟು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಸಾಧ್ಯತೆ ಇದೆ ಎಂದಷ್ಟೇ ಅಧ್ಯಕ್ಷರಿಗೆ ತಲುಪಿತು. ಸಾಧ್ಯತೆ ಇದೆ ಎಂದ ಮೇಲೆ ಯಾವ ರಾಜಕಾರಣಿ ಲಸಿಕೆ ಬೇಡ ಎನ್ನುತ್ತಾನೆ?

ಲಸಿಕೆಯ ಬಗ್ಗೆ ಆ ತಜ್ಞರು ಸೇರಿದ್ದ ಸಭೆಯಲ್ಲಿ ರಸೆಲ್ ಅಲೆಗ್ಸಾಂಡರ್ ಎಂಬವರು ಮಾತ್ರ ಒಂದು ಪ್ರಶ್ನೆ ಎತ್ತಿದ್ದರು. ಲಸಿಕೆ ತಯಾರಿಸೋಣ, ಆದರೆ ಏನು ಕಂಡರೆ ಹಾಕುವುದನ್ನು ನಿಲ್ಲಿಸಿ ದಾಸ್ತಾನು ಮಾಡಬೇಕೆಂದು ಈಗಲೇ ತೀರ್ಮಾನಿಸಬಾರದೇ? ಅದನ್ನು ಯಾರೂ ಮುಂದುವರಿಸಲಿಲ್ಲ. ಮಾದರಿಕಾರರು ಅಧಿಕಾರಿಯ ಎದುರು ಕೂತಾಗ ಶುರುಮಾಡಬೇಕಾದದ್ದು ಅಲ್ಲಿಂದಲೇ. ನಿಮ್ಮ ಕೈಯಲ್ಲಿರುವ ತೀರ್ಮಾನ ಯಾವುದು, ಯಾವ ದಿನದೊಳಗೆ ತೆಗೆದುಕೊಳ್ಳಬೇಕು, ಯಾವ ಮಟ್ಟ ದಾಟಿದರೆ ನಿಮ್ಮ ತೀರ್ಮಾನ ಬದಲಾಗುತ್ತದೆ? ಜಿಲ್ಲಾಸ್ಪತ್ರೆಯಲ್ಲಿ 200 ಆಕ್ಸಿಜನ್ ಹಾಸಿಗೆ ಇದ್ದರೆ, ಮೂರು ವಾರದೊಳಗೆ ಅವು ತುಂಬಿಹೋಗುವ ಸಂಭವ ನಾಲ್ಕರಲ್ಲಿ ಒಂದು ಎಂಬ ಮಾತು ಜಿಲ್ಲಾಧಿಕಾರಿಗೆ ಅರ್ಥವಾಗುತ್ತದೆ. ರಾಜ್ಯದಲ್ಲಿ ತುದಿ ಯಾವತ್ತು ಎಂಬುದು ಟಿವಿಗೆ ಬೇಕು, ಜಿಲ್ಲಾಧಿಕಾರಿಗೆ ಅಷ್ಟಾಗಿ ಬೇಡ.

ಇದು ಆಗದ ಮಾತಲ್ಲ. ನಮ್ಮ ಶಿವಮೊಗ್ಗದಲ್ಲೇ ಆಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನಕಾಯಿಲೆ ಪ್ರತಿ ಬೇಸಿಗೆಗೆ ಮಲೆನಾಡನ್ನು ಕಾಡುತ್ತದೆ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಎದ್ದದ್ದು ಈಚಿನ ದೊಡ್ಡ ಪೆಟ್ಟು. ಮಂಗ ಸತ್ತ ಅಥವಾ ರೋಗಿ ಕಂಡ ಜಾಗದಿಂದ ಐದು ಕಿಲೋಮೀಟರ್ ಸುತ್ತ ಲಸಿಕೆ ಎಂಬುದು ಹಳೆಯ ಪದ್ಧತಿ. ಅಂದರೆ ಕಾಯಿಲೆ ಮುಂದೆ, ಇಲಾಖೆ ಹಿಂದೆ. ಬ್ರಿಟನ್ನಿನ ಪರಿಸರ ವಿಜ್ಞಾನಿ ಬೆಥನ್ ಪರ್ಸ್ ಅವರ ತಂಡ ಇಲ್ಲಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ ಮತ್ತು ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಸಂಶೋಧಕರ ಜೊತೆಗೂಡಿ ಜಿಲ್ಲೆಗೊಂದು ಅಪಾಯದ ನಕ್ಷೆ ಮಾಡಿತು. ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಯವರನ್ನು ಮೊದಲ ದಿನದಿಂದಲೇ ಕೂರಿಸಿಕೊಂಡು ಮಾಡಿದ ಕೆಲಸ ಅದು. ಹಾಗೆ ಕೂತದ್ದರಿಂದಲೇ ಸೋಂಕು ನಿಜಕ್ಕೂ ತಗುಲಿದ ಜಾಗಗಳ ಲೆಕ್ಕ ಸಿಕ್ಕಿತು. ದರಕು ತರಲು, ದನ ಮೇಯಿಸಲು ಜನ ಕಾಡಿಗೆ ಹೋಗುವಷ್ಟು ದೂರಕ್ಕೆ, ಇಲಾಖೆ ಕೆಲಸ ಮಾಡುವಷ್ಟು ಹರವಿಗೆ ಸರಿಹೊಂದುವಂತೆ ನಕ್ಷೆಯ ಅಳತೆ ಇಟ್ಟರು.

2014ರಿಂದ 2018ರವರೆಗಿನ ಪ್ರಕರಣಗಳ ಮೇಲೆ ಕಟ್ಟಿದ ಆ ಮಾದರಿ, ನಿತ್ಯಹರಿದ್ವರ್ಣ ಕಾಡೂ ತೋಟವೂ ಬೆರೆತು ನಾಟಿ ದನಗಳು ಹೆಚ್ಚಿರುವ ಕಡೆ ಅಪಾಯ ಜಾಸ್ತಿ ಎಂದಿತು. ಆಮೇಲೆ ಅದನ್ನು 2019ರ ಹೊಸ ಜಾಗಗಳ ಎದುರು ಇಟ್ಟು ಪರೀಕ್ಷಿಸಿದರು. ಕಟ್ಟುವಾಗ ನೋಡದ ವರ್ಷ ಅದು. ಮಾದರಿ ಆ ಜಾಗಗಳನ್ನು ಹಿಡಿದಿತ್ತು. ಪರಿಣಾಮ ಸಾಲದೆಂದು 2022ರಲ್ಲಿ ಹಳೆಯ ಲಸಿಕೆಯನ್ನೇ ನಿಲ್ಲಿಸಿದ ಮೇಲೆ, ಈ ರೋಗ ಹರಡುವ ಉಣುಗನ್ನು ತಡೆಯುವ ಎಣ್ಣೆ ಮೊದಲು ಯಾವ ಊರಿಗೆ ಎಂದು ಕೇಳುವ ಆರೋಗ್ಯಾಧಿಕಾರಿಗೆ ಇಂಥ ನಕ್ಷೆಯ ಬೆಲೆ ಇನ್ನೂ ಹೆಚ್ಚಿದೆ.

ಈಗ ಡೆಂಗಿಯ ಸರದಿ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕವೆಂದು ಅಧಿಸೂಚಿಸಿತು. ಐಐಎಸ್‌ಸಿಯ ಆರ್ಟ್‌ಪಾರ್ಕ್ ಸಂಸ್ಥೆ ಆರೋಗ್ಯ ಇಲಾಖೆಯ ಜೊತೆ ಡೆಂಗಿ ಮುನ್ಸೂಚನೆಯ ಕೆಲಸ ಮಾಡುತ್ತಿದೆ. ಇಲಾಖೆಯನ್ನು ಕೇಳಿಕೊಳ್ಳುವುದಿಷ್ಟು: ಆ ಮುನ್ಸೂಚನೆಯನ್ನು ವಾರವಾರ ದಿನಾಂಕ ಹಾಕಿ, ಕೆಳಮಿತಿ-ಮೇಲ್ಮಿತಿ ಸಹಿತ ಜಿಲ್ಲಾವಾರು ಪ್ರಕಟಿಸಿ. ಮಳೆಗಾಲ ಮುಗಿದ ಮೇಲೆ, ‘ಈ ವಾರದಷ್ಟೇ ಮುಂದಿನ ವಾರ’ ಎನ್ನುವ ಪೆದ್ದ ಲೆಕ್ಕದ ಪಕ್ಕದಲ್ಲಿಟ್ಟು ಅದು ಎಷ್ಟು ಅಂಕ ಪಡೆಯಿತೆಂದು ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಅಂಕ ಕಡಿಮೆ ಬಂದ ವರ್ಷವೂ ಬರೆಯಿರಿ.